ವಾಸನೆ ಒಂದೇ, ನಡೆ ಹಲವು

ಬೆಲ್ಲವಿದ್ದಲ್ಲಿ ಇರುವೆ ಎನ್ನುತ್ತೇವೆ. ವಾಸನೆ ಮುಟ್ಟಿದರೆ ಸಾಕು, ಪ್ರಾಣಿ ಬಂದೇ ಬರುತ್ತದೆ, ಸ್ವಿಚ್ ಒತ್ತಿದರೆ ದೀಪ ಹತ್ತಿದ ಹಾಗೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ಒಂದೇ ಪ್ರಾಣಿ ಒಂದೇ ವಾಸನೆಗೆ ಒಮ್ಮೆ ಮುಂದೆ ಸಾಗುತ್ತದೆ, ಇನ್ನೊಮ್ಮೆ ಹಿಂದೆ ಸರಿಯುತ್ತದೆ. ಮೂಗು ಮಂದವಾಯಿತೇನೋ ಎಂದುಕೊಳ್ಳುವುದು ಸುಲಭ. ನಿಜವಾದ ಕಾರಣವನ್ನು ಹುಡುಕಬೇಕಾದದ್ದು, ವಾಸನೆಯ ಸುದ್ದಿ ಮುಟ್ಟಿದ ಗಳಿಗೆಯಲ್ಲಿ ಮಿದುಳು ಏನು ಮಾಡುತ್ತಿತ್ತು ಎಂಬಲ್ಲಿ.

ಇದಕ್ಕೆ ಗಟ್ಟಿ ಸಾಕ್ಷಿ ಸಿ. ಎಲೆಗನ್ಸ್ ಎಂಬ, ಸುಮಾರು 1 ಮಿಲಿಮೀಟರ್ ಉದ್ದದ ದುಂಡುಹುಳು. ಕೊಳೆತ ಹಣ್ಣು, ಸೊಪ್ಪುಸದೆಯಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಇದಕ್ಕೆ ನರಕೋಶಗಳು 302 ಮಾತ್ರ. ಅವುಗಳ ಹೆಣಿಗೆಯ ನಕ್ಷೆ 1986ರಲ್ಲೇ ಪ್ರಕಟವಾಗಿತ್ತು. ಹುಳು ಬಳುಕುತ್ತ ಮುಂದೆ ಹೋಗುತ್ತದೆ, ಗಕ್ಕನೆ ಹಿಂದೆ ಸರಿಯುತ್ತದೆ, ಮೈ ಮಡಚಿ ಬೇರೆ ದಿಕ್ಕು ಹಿಡಿಯುತ್ತದೆ. ಹಿತವಾದ ವಾಸನೆ ಹೆಚ್ಚುತ್ತಿದ್ದರೆ ಹಿಂಜರಿಕೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಕೋರಿ ಬಾರ್ಗ್‌ಮನ್ ತಂಡ ಹುಳುವನ್ನು ಕಿರುಗಾಲುವೆಯಲ್ಲಿ ಹಿಡಿದಿಟ್ಟು, ನರಕೋಶಗಳು ಚುರುಕಾದಾಗ ಹೊಳೆಯುವಂತೆ ಮಾಡಿ ಗಮನಿಸಿತು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾಸನೆ ಹಿಡಿಯುವ ಕೋಶ ತಪ್ಪದೆ, ತಕ್ಷಣ ಸ್ಪಂದಿಸಿತ್ತು. ಅದರ ಮುಂದಿನ ‘ಎಐಬಿ’ ಕೋಶ ಮಾತ್ರ ಒಮ್ಮೆ ಬೇಗ, ಒಮ್ಮೆ ತಡ. ಏಕೆಂದರೆ ಅದು ‘ಆರ್‌ಐಎಂ’, ‘ಎವಿಎ’ ಎಂಬ ಬೇರೆ ಕೋಶಗಳ ಮಾತಿಗೂ ಕಿವಿಗೊಡುತ್ತದೆ. ಮೂರೂ ಸೇರಿ ಆಗ ಯಾವ ಸ್ಥಿತಿಯಲ್ಲಿದ್ದವು ಎಂಬುದರ ಮೇಲೆ ಉತ್ತರ ನಿಂತಿತ್ತು.

ಹುಳುವಿನಿಂದ ಹುಳುವಿಗೆ ತಳಿಗುಣ ಬೇರೆ ಇರಬಹುದಲ್ಲ ಎನ್ನಬಹುದು. ಇವು ಹೆಚ್ಚಾಗಿ ತಮ್ಮಲ್ಲೇ ಗರ್ಭಕಟ್ಟಿಕೊಳ್ಳುವ ಉಭಯಲಿಂಗಿಗಳು; ಪ್ರಯೋಗಾಲಯದ ಒಡಹುಟ್ಟುಗಳು ಹೆಚ್ಚುಕಡಿಮೆ ಒಂದೇ ಅಚ್ಚು. ಹಸಿವೆ? ಅದು ವಾಸನೆಯ ಸೆಳೆತವನ್ನು ಬದಲಿಸುವುದು ನಿಜ, ಆದರೆ ಒಂದೆರಡು ನಿಮಿಷದಲ್ಲಿ ಹಸಿವೆ ಏರಿಳಿಯುವುದಿಲ್ಲ. ನರಮಂಡಲದ ಬರೀ ಗದ್ದಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಆ ಕೋಶಗಳನ್ನು ಕೃತಕವಾಗಿ ತಕ್ಕ ಸ್ಥಿತಿಗೆ ತಂದಾಗ ಎಐಬಿಯ ಸ್ಪಂದನವೂ ಹುಳುವಿನ ನಡೆಯೂ ಹೆಚ್ಚು ನಿಯತವಾದವು. ಬರೀ ಗದ್ದಲವಾಗಿದ್ದರೆ ಅದು ಹೀಗೆ ಮಣಿಯುತ್ತಿರಲಿಲ್ಲ.

ಅಷ್ಟು ಸುಲಭವಾಗಿ ನಿಯತವಾಗಬಲ್ಲ ಮಂಡಲ ಸಹಜವಾಗಿ ಹಾಗೇಕಿಲ್ಲ? ನನಗೆ ತೋರುವ ಉತ್ತರ ಹೊರಗಿನ ಗಾಳಿಯಲ್ಲಿದೆ. ವಾಸನೆ ಹಗ್ಗದಂತೆ ಎಳೆದುಕೊಂಡು ಬರುವುದಿಲ್ಲ. ತುಂಡುತುಂಡಾಗಿ, ಮಣ್ಣಿನ ಸಂದುಗಳಲ್ಲಿ ಚದುರಿ ಬರುತ್ತದೆ. ಪ್ರತಿ ತುಣುಕಿಗೂ ತಪ್ಪದೆ ಓಗೊಡುವ ಹುಳು ಎಂದೋ ಖಾಲಿಯಾದ ಹಣ್ಣಿನ ಸುತ್ತಲೇ ತಿರುಗುತ್ತಿರಬಹುದು, ಆಗೊಮ್ಮೆ ಈಗೊಮ್ಮೆ ದಾರಿ ತಪ್ಪುವ ಹುಳುವಿಗೆ ಪಕ್ಕದ ಕೊಳೆತ ಪೇರಲ ಸಿಕ್ಕೀತು.