ತೆಗಳಿಕೆಯ ಜಾಹೀರಾತಿಗೆ ವೋಟು ಬೀಳುತ್ತದೆಯೇ?

1964ರ ಸೆಪ್ಟೆಂಬರ್ 7ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಒಂದು ನಿಮಿಷದ ಜಾಹೀರಾತು ಬಂತು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳುತ್ತ ತಪ್ಪುತಪ್ಪಾಗಿ ಎಣಿಸುತ್ತಾಳೆ. ಅಷ್ಟರಲ್ಲಿ ಗಂಡಸಿನ ಗಡಸು ದನಿ ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸತೊಡಗುತ್ತದೆ. ಸೊನ್ನೆಗೆ ಬಂದಾಗ ಅಣುಬಾಂಬ್ ಸಿಡಿಯುತ್ತದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಪರವಾದ ಆ ಜಾಹೀರಾತಿನಲ್ಲಿ ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರೇ ಇರಲಿಲ್ಲ. ಆದರೂ ಅವರ ಕೈಗೆ ಅಣ್ವಸ್ತ್ರ ಸಿಕ್ಕರೆ ಗತಿಯೇನು ಎಂಬ ಭಯ ನೋಡಿದವರಿಗೆಲ್ಲ ನಾಟಿತು.

ಗೋಲ್ಡ್‌ವಾಟರ್ ಸೋತದ್ದು ಈ ಜಾಹೀರಾತಿನಿಂದಲೇ ಎಂಬ ನಂಬಿಕೆ ಇಂದಿಗೂ ಇದೆ. ನಡೆದದ್ದು ಹಾಗಲ್ಲ. ದುಡ್ಡು ಕೊಟ್ಟು ಅದನ್ನು ಪ್ರಸಾರ ಮಾಡಿದ್ದು ಒಂದೇ ಸಲ. ಉಳಿದ ಪ್ರಚಾರ ಸಿಕ್ಕಿದ್ದು ವಾಹಿನಿಗಳು ಸುದ್ದಿ ಪ್ರಸಾರದಲ್ಲಿ ಅದನ್ನೇ ಮತ್ತೆ ತೋರಿಸಿದ್ದರಿಂದ. ಅದು ಬರುವ ಮೊದಲೇ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಜಾನ್ಸನ್ ಬಹಳ ಮುಂದಿದ್ದರು. ಕೊನೆಗೆ ಶೇ. 61ರಷ್ಟು ಮತ ಪಡೆದು 44 ರಾಜ್ಯಗಳನ್ನು ಗೆದ್ದರು. ಗೆದ್ದವರ ಜಾಹೀರಾತು ನೆನಪಿನಲ್ಲಿ ಉಳಿಯಿತು, ಆಮೇಲೆ ಅದೇ ಗೆಲುವಿನ ಕಾರಣವೆನಿಸಿತು.

‘ಎದುರಾಳಿಯನ್ನು ತೆಗಳುವುದೇ ಗೆಲುವಿನ ದಾರಿ’

ಪ್ರಚಾರ ತಂತ್ರಜ್ಞರಲ್ಲಿ ಅನೇಕರ ನಂಬಿಕೆ ಇದು. ರಿಚರ್ಡ್ ಲಾವ್ ಮತ್ತು ಸಂಗಡಿಗರು ಈ ಬಗ್ಗೆ ನಡೆದ 111 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2007ರಲ್ಲಿ ವರದಿ ಪ್ರಕಟಿಸಿದರು. ತೆಗಳಿಕೆ ಜನರ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ, ಆದರೆ ತೆಗಳಿದವನಿಗೆ ಹೆಚ್ಚು ಮತ ತರುತ್ತದೆ ಎನ್ನಲು ಆಧಾರವಿಲ್ಲ ಎಂಬುದು ಅವರಿಗೆ ಕಂಡ ಸಂಗತಿ. 2016ರ ಅಮೆರಿಕದ ಚುನಾವಣೆಯ ಜಾಹೀರಾತುಗಳನ್ನು ಸುಮಾರು 34,000 ಜನರಿಗೆ ತೋರಿಸಿ ನಡೆಸಿದ 59 ಪ್ರಯೋಗಗಳ ಫಲಿತಾಂಶವೂ ಇದಕ್ಕೆ ದೂರವಿಲ್ಲ. ಜಾಹೀರಾತಿನ ಪರಿಣಾಮವೇ ಅತ್ಯಲ್ಪ; ಹೊಗಳಿಕೆ, ತೆಗಳಿಕೆ ಎಂಬ ಭೇದದಿಂದ ಅದು ಹೆಚ್ಚುಕಡಿಮೆಯಾಗಲಿಲ್ಲ.

ಕೆಲವೊಮ್ಮೆ ಎಸೆದವರಿಗೇ ಕೆಸರು ಮೆತ್ತುತ್ತದೆ. 1993ರಲ್ಲಿ ಕೆನಡಾದ ಆಡಳಿತ ಪಕ್ಷವಾಗಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್, ಎದುರಾಳಿ ಜಾನ್ ಕ್ರೆಚಿಯನ್ ಅವರ ಮುಖದ ಚಿತ್ರಗಳನ್ನು ಹತ್ತಿರದಿಂದ ತೋರಿಸಿ ಇಂಥವರು ಪ್ರಧಾನಿಯಾಗಬೇಕೇ ಎಂಬ ಧಾಟಿಯ ಜಾಹೀರಾತು ಮಾಡಿತು. ಕ್ರೆಚಿಯನ್ ಅವರ ಮುಖದ ಒಂದು ಭಾಗ ಚಿಕ್ಕಂದಿನಿಂದಲೇ ಸ್ವಾಧೀನದಲ್ಲಿರಲಿಲ್ಲ. ಜನ ಕೆರಳಿದರು, ಆ ಪಕ್ಷದ ಹುರಿಯಾಳುಗಳೇ ಆಕ್ಷೇಪಿಸಿದರು, ಪಕ್ಷ ಜಾಹೀರಾತನ್ನು ಹಿಂತೆಗೆದುಕೊಂಡಿತು. ಚುನಾವಣೆಯಲ್ಲಿ ಅದಕ್ಕೆ ದಕ್ಕಿದ್ದು 2 ಸ್ಥಾನ. ಹಾಗೆಂದು ಸೋಲನ್ನೆಲ್ಲ ಆ ಜಾಹೀರಾತಿನ ತಲೆಗೆ ಕಟ್ಟುವುದೂ ತಪ್ಪು, ಪಕ್ಷ ಮೊದಲೇ ಕುಸಿಯುತ್ತಿತ್ತು. ಒಬ್ಬರ ದೇಹವನ್ನು ಹಂಗಿಸುವುದು ಮತದಾರ ಸಹಿಸುವ ಮಾತಲ್ಲ ಎಂಬುದಂತೂ ಅಲ್ಲಿ ಸ್ಪಷ್ಟವಾಯಿತು.

‘ಕೆಸರೆರಚಾಟ ಕಂಡು ಜನ ಮತಗಟ್ಟೆಗೇ ಬರುವುದಿಲ್ಲ’

ಈ ಮಾತಿಗೆ ಒಂದು ಮೂಲವಿದೆ. 1990ರ ದಶಕದಲ್ಲಿ ಸ್ಟೀಫನ್ ಆನ್ಸಲಬಿಹಿಯರ್ ಮತ್ತು ಶಾಂತೋ ಅಯ್ಯಂಗಾರ್ ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ತೆಗಳಿಕೆಯ ಜಾಹೀರಾತು ನೋಡಿದವರ ಮತದಾನದ ಇರಾದೆ ಕುಗ್ಗಿದ್ದು ಕಂಡಿತ್ತು. ಮುಂದಿನ ಅಧ್ಯಯನಗಳು ಒಟ್ಟಾರೆಯಾಗಿ ಅದನ್ನು ಎತ್ತಿಹಿಡಿಯಲಿಲ್ಲ. ರಾಜಕೀಯದ ಮೇಲಿನ ನಂಬಿಕೆ ತುಸು ಸವೆಯುತ್ತದೆ, ನಿಜ. ಆದರೆ ಜನ ಮನೆಯಲ್ಲಿ ಕೂರುವುದಿಲ್ಲ.

ನಮ್ಮಲ್ಲೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿಯ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸುವ ‘ಪೇಸಿಎಂ’ ಪೋಸ್ಟರ್‌ಗಳು ಕಾಣಿಸಿಕೊಂಡವು. 2023ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆಗೆ ಮುನ್ನ, ಪತ್ರಿಕೆಗಳಲ್ಲಿ ‘ಭ್ರಷ್ಟಾಚಾರದ ದರಪಟ್ಟಿ’ ಜಾಹೀರಾತು ಬಂದು ಚುನಾವಣಾ ಆಯೋಗದ ನೋಟಿಸಿಗೆ ಕಾರಣವಾಯಿತು. ವೇದಿಕೆಗಳಲ್ಲಿ ಎರಡೂ ಕಡೆಯಿಂದ ಬೈಗುಳ ಹಾರಾಡಿದವು. ಆ ವಿಧಾನಸಭಾ ಚುನಾವಣೆಯಲ್ಲಿ ಶೇ. 73ಕ್ಕೂ ಹೆಚ್ಚು ಮತದಾನವಾಗಿ ದಾಖಲೆಯಾಯಿತು. ಇನ್ನು, ಆಗ ಆಡಳಿತ ಪಕ್ಷ ಸೋತದ್ದು ಪೋಸ್ಟರಿನಿಂದಲೇ ಎನ್ನುವವರು ಒಂದನ್ನು ನೆನೆಯಬೇಕು: 1985ರ ಬಳಿಕ ಕರ್ನಾಟಕದಲ್ಲಿ ಆಡಳಿತ ಪಕ್ಷವೊಂದು ವಿಧಾನಸಭಾ ಚುನಾವಣೆ ಗೆದ್ದು ಅಧಿಕಾರದಲ್ಲಿ ಮುಂದುವರಿದ ನಿದರ್ಶನವೇ ಇಲ್ಲ.

‘ತೆಗಳಿಕೆ ಎಂದರೆ ಸುಳ್ಳು’

ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುವ ತಪ್ಪು ಕಲ್ಪನೆ ಇದು. ಜಾನ್ ಗೀರ್ ಎಂಬ ವಿದ್ವಾಂಸರು 1960ರಿಂದ 2004ರವರೆಗಿನ ಅಮೆರಿಕದ ಅಧ್ಯಕ್ಷೀಯ ಜಾಹೀರಾತುಗಳನ್ನು ಜಾಲಾಡಿದಾಗ, ಹೊಗಳಿಕೆಗಿಂತ ತೆಗಳಿಕೆಯಲ್ಲೇ ವಿಷಯವೂ ಸಾಕ್ಷ್ಯವೂ ಹೆಚ್ಚಿರುವುದು ಕಂಡುಬಂತು. ಕಾರಣ ಸರಳ. ‘ನಾನು ಜನಸೇವಕ’ ಎನ್ನಲು ಪುರಾವೆ ಬೇಡ. ‘ನೀನು ಇಂಥ ಕಾಮಗಾರಿಯಲ್ಲಿ ಹಣ ತಿಂದೆ’ ಎನ್ನಲು ಬೇಕು. ಆಳುವವರ ವೈಫಲ್ಯವನ್ನು ಎತ್ತಿ ತೋರಿಸುವವರು ಇಲ್ಲದಿದ್ದರೆ ಮತದಾರನಿಗೆ ಅದು ಗೊತ್ತಾಗುವುದಾದರೂ ಹೇಗೆ? ಹಾಗೆಂದು ಸಾಕ್ಷ್ಯ ಇದ್ದುದೆಲ್ಲ ನ್ಯಾಯವೂ ಅಲ್ಲ. 1988ರಲ್ಲಿ ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ವಿರುದ್ಧದ ಜಾಹೀರಾತು, ರಜೆಯ ಮೇಲೆ ಹೊರಬಂದು ಅಪರಾಧವೆಸಗಿದ ಕಪ್ಪು ಕೈದಿ ವಿಲ್ಲಿ ಹಾರ್ಟನ್‌ನ ಪ್ರಕರಣವನ್ನು ಹೇಳಿತು. ಘಟನೆ ನಿಜವಾಗಿತ್ತು. ಆದರೆ ಆತನ ಮುಖಚಿತ್ರ ಕೆದಕಿದ್ದು ಬಿಳಿಯರಲ್ಲಿದ್ದ ಜನಾಂಗೀಯ ಭಯವನ್ನು.

ನಮ್ಮ ಕಾನೂನು ಟೀಕೆಯನ್ನು ನಿಷೇಧಿಸಿಲ್ಲ. ಮಾದರಿ ನೀತಿ ಸಂಹಿತೆಯ ಪ್ರಕಾರ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳನ್ನು ಟೀಕಿಸಬಹುದು. ಖಾಸಗಿ ಬದುಕನ್ನು ಎಳೆದು ತರುವಂತಿಲ್ಲ. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ತಿಳಿದೂ ಸುಳ್ಳು ಹೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಮಿನಡಿ ಭ್ರಷ್ಟ ಆಚರಣೆ. ಟಿ.ವಿ.ಯ ರಾಜಕೀಯ ಜಾಹೀರಾತಿಗೆ 2004ರ ಸುಪ್ರೀಂ ಕೋರ್ಟ್ ಆದೇಶದಂತೆ ಮುಂಚಿತ ಪ್ರಮಾಣಪತ್ರ ಬೇಕು. ಆದರೆ ನಮ್ಮ ನಮ್ಮಲ್ಲೇ ಓಡಾಡುವ ವಾಟ್ಸ್ಆ್ಯಪ್ ಸಂದೇಶಕ್ಕೆ ಅಂಥ ಜರಡಿ ಇಲ್ಲ. ಆದ್ದರಿಂದ ಮುಂದಕ್ಕೆ ಕಳಿಸುವ ಮೊದಲು ಆರೋಪಕ್ಕೆ ದಾಖಲೆ ಇದೆಯೇ ಎಂದು ಕೇಳಿ. ನೀತಿ ಸಂಹಿತೆ ಮುರಿದದ್ದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ‘ಸಿ-ವಿಜಿಲ್’ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಸಮೇತ ದೂರು ಕೊಡಿ. 100 ನಿಮಿಷದೊಳಗೆ ಅದನ್ನು ಇತ್ಯರ್ಥಪಡಿಸಬೇಕೆಂಬುದು ಆಯೋಗದ ನಿಯಮ.