ಅಮೆರಿಕದ ಸರಕು ಲಾರಿಗಳೂ ರಾಜ್ಯಗಳ ಗುರುತಿನ ಸಂಖ್ಯೆಗಳೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಸಂಚರಿಸುವ ಸರಕು ಲಾರಿಯ ಬಾಗಿಲಿನ ಮೇಲೆ ಸಾಗಣೆದಾರನ ಹೆಸರೂ ಅದರ ಕೆಳಗೆ ಒಂದೋ ಎರಡೋ ಸಂಖ್ಯೆಗಳೂ ಬರೆದಿರುವುದುಂಟು. ಇವು ವಾಹನದ ನೋಂದಣಿ ಸಂಖ್ಯೆಗಳಲ್ಲ. ವಾಹನವನ್ನು ನಡೆಸುವ ಸಂಸ್ಥೆಯ ಗುರುತುಗಳು. ಒಕ್ಕೂಟ ಸರ್ಕಾರವು ಒಂದು ಸಂಖ್ಯೆಯನ್ನು ಕೊಟ್ಟಿರುವಾಗ ರಾಜ್ಯಗಳು ತಮ್ಮವೇ ಆದ ಸಂಖ್ಯೆಗಳನ್ನು ಏಕೆ ಕೇಳುತ್ತವೆ, ಎಷ್ಟರಮಟ್ಟಿಗೆ ಕೇಳಬಹುದು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ. ಮೇಲುನೋಟಕ್ಕೆ ಇದು ಕಚೇರಿಯ ಕಾಗದಪತ್ರಗಳ ವಿಷಯವೆಂದು ತೋರಬಹುದು. ಆದರೆ ಒಂದೇ ಲಾರಿಯನ್ನು ನಂಬಿ ಬದುಕುವ ಸಣ್ಣ ಸಾಗಣೆದಾರನ ಜೀವನೋಪಾಯವೂ, ಅದೇ ರಸ್ತೆಯಲ್ಲಿ ಸಾಗುವ ಸಾರ್ವಜನಿಕರ ಪ್ರಾಣವೂ ಈ ಪ್ರಶ್ನೆಯೊಡನೆ ಹೆಣೆದುಕೊಂಡಿವೆ.

೧. ಪೂರ್ವೇತಿಹಾಸ

ಮೋಟಾರು ವಾಹನಗಳು ಬಳಕೆಗೆ ಬಂದ ಆರಂಭದಲ್ಲಿ ಬಾಡಿಗೆ ಸಾಗಣೆಯನ್ನು ಹತೋಟಿಯಲ್ಲಿಟ್ಟವು ರಾಜ್ಯಗಳೇ. ಅವು ಕೊಡುವ ಅರ್ಹತಾಪತ್ರವಿಲ್ಲದೆ ಯಾರೂ ಬಾಡಿಗೆಗೆ ವಾಹನ ಓಡಿಸುವಂತಿರಲಿಲ್ಲ. ೧೯೨೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅಧಿಕಾರಕ್ಕೆ ಮೊದಲ ಎಲ್ಲೆಯನ್ನು ಹಾಕಿತು. ಪೋರ್ಟ್‌ಲೆಂಡ್ ಮತ್ತು ಸಿಯಾಟಲ್ ನಗರಗಳ ನಡುವೆ ಪ್ರಯಾಣಿಕರ ಮೋಟಾರು ನಡೆಸಬಯಸಿದ ಬಕ್ ಎಂಬುವನಿಗೆ, ಆ ಮಾರ್ಗದಲ್ಲಿ ಸೌಕರ್ಯವು ಈಗಾಗಲೇ ಸಾಕಷ್ಟಿದೆ ಎಂಬ ಕಾರಣದಿಂದ ವಾಷಿಂಗ್ಟನ್ ರಾಜ್ಯವು ಅನುಮತಿಯನ್ನು ನಿರಾಕರಿಸಿತ್ತು. ಅಂತರರಾಜ್ಯ ವಾಣಿಜ್ಯದಲ್ಲಿ ಸ್ಪರ್ಧೆಯನ್ನು ತಡೆಯುವ ಅಧಿಕಾರ ರಾಜ್ಯಕ್ಕಿಲ್ಲವೆಂದು ನ್ಯಾಯಾಲಯವು ತೀರ್ಪಿತ್ತಿತು. ಇದರಿಂದ ಉಂಟಾದ ಶೂನ್ಯವನ್ನು ತುಂಬಲು ಕಾಂಗ್ರೆಸ್ಸು ೧೯೩೫ರಲ್ಲಿ ಮೋಟಾರು ಸಾಗಣೆ ಶಾಸನವನ್ನು ಮಾಡಿ, ಅಂತರರಾಜ್ಯ ಲಾರಿಗಳನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಅಧೀನಕ್ಕೆ ತಂದಿತು.

ಆದರೂ ರಾಜ್ಯಗಳು ಹಿಂದೆ ಸರಿಯಲಿಲ್ಲ. ಆಯೋಗದ ಅನುಮತಿಯಿದ್ದ ಸಾಗಣೆದಾರನೂ ತಾನು ಹಾದುಹೋಗುವ ಪ್ರತಿ ರಾಜ್ಯದಲ್ಲಿ ಅದನ್ನು ದಾಖಲಿಸಿ ಶುಲ್ಕ ಕಟ್ಟಬೇಕಾಗಿತ್ತು. ಚಾಲಕನ ಬಳಿ ಚೌಕಗಳಿದ್ದ ಒಂದು ಚೀಟಿಯಿರುತ್ತಿತ್ತು. ಒಂದೊಂದು ಚೌಕದಲ್ಲಿ ಒಂದೊಂದು ರಾಜ್ಯದ ಮುದ್ರೆಚೀಟಿಯನ್ನು ಅಂಟಿಸಬೇಕಾಗಿತ್ತು. ಜೂಜಾಟದ ಚೀಟಿಯನ್ನು ಹೋಲುತ್ತಿದ್ದುದರಿಂದ ಲಾರಿಯವರು ಇದನ್ನು 'ಬಿಂಗೊ ಚೀಟಿ' ಎಂದೇ ಕರೆದರು. ಪ್ರತಿ ಮುದ್ರೆಯ ಶುಲ್ಕವು ಹತ್ತು ಡಾಲರಿಗೆ ಮೀರದಿದ್ದರೂ, ಹಲವು ಲಾರಿಗಳನ್ನು ಹಲವು ರಾಜ್ಯಗಳಲ್ಲಿ ನಡೆಸುವವನಿಗೆ ಹಣಕ್ಕಿಂತ ಗುಮಾಸ್ತಗಿರಿಯೇ ಹೊರೆಯಾಗುತ್ತಿತ್ತು. ೧೯೯೧ರ ಭೂಸಾರಿಗೆ ಶಾಸನವು ಈ ಪದ್ಧತಿಯನ್ನು ತೊಡೆದುಹಾಕಿ, ಒಂದೇ ರಾಜ್ಯದಲ್ಲಿ ದಾಖಲಿಸಿಕೊಂಡರೆ ಸಾಕೆಂಬ ಏರ್ಪಾಡನ್ನು ತಂದಿತು. ೧೯೯೫ರ ಜನವರಿಯಿಂದ ಲಾರಿಗಳ ಬಾಡಿಗೆಯ ದರ, ಮಾರ್ಗ ಮತ್ತು ಸೇವೆಗಳನ್ನು ನಿಯಂತ್ರಿಸುವ ಅಧಿಕಾರವೂ ರಾಜ್ಯಗಳ ಕೈತಪ್ಪಿತು. ಸುರಕ್ಷತೆ, ವಿಮೆ, ವಾಹನದ ಅಳತೆ ಮತ್ತು ತೂಕ ಇವು ಮಾತ್ರ ಮುಖ್ಯವಾಗಿ ಅವುಗಳ ಪಾಲಿಗೆ ಉಳಿದವು.

೨. ಈಗಿನ ಏರ್ಪಾಡು

ಇಂದು ಅಂತರರಾಜ್ಯ ಸಾಗಣೆದಾರನ ಮೂಲ ಗುರುತು ಯು.ಎಸ್.ಡಿ.ಒ.ಟಿ. ಸಂಖ್ಯೆ ಎಂಬುದು. ೨೦೦೦ದ ಜನವರಿಯಲ್ಲಿ ಸ್ಥಾಪಿತವಾದ ಒಕ್ಕೂಟ ಮೋಟಾರು ಸಾಗಣೆ ಸುರಕ್ಷತಾ ಆಡಳಿತವು ಇದನ್ನು ನೋಡಿಕೊಳ್ಳುತ್ತದೆ. ೧೦,೦೦೧ ಪೌಂಡು ಅಥವಾ ಅದಕ್ಕೆ ಮೇಲ್ಪಟ್ಟ ತೂಕದ ವಾಣಿಜ್ಯ ವಾಹನವನ್ನು ರಾಜ್ಯದ ಗಡಿ ದಾಟಿಸುವವನು ಈ ಸಂಖ್ಯೆಯನ್ನು ಪಡೆದು, ವಾಹನದ ಎರಡು ಪಕ್ಕಗಳಲ್ಲಿಯೂ ಹಗಲಿನಲ್ಲಿ ೫೦ ಅಡಿಗಳ ದೂರದಿಂದ ಓದಲಾಗುವಂತೆ ಬರೆಯಿಸಬೇಕು. ತಪಾಸಣೆ, ಅಪಘಾತ, ನಿಯಮಭಂಗ ಇವೆಲ್ಲವೂ ಈ ಒಂದು ಸಂಖ್ಯೆಯ ಖಾತೆಗೆ ಸೇರುತ್ತವೆ.

ರಾಜ್ಯಗಳ ಆದಾಯವನ್ನು ಹಂಚುವುದಕ್ಕೆ ಮೂರು ಸಾಮೂಹಿಕ ಒಪ್ಪಂದಗಳಿವೆ. ನೋಂದಣಿ ಶುಲ್ಕವನ್ನು ಆಯಾ ರಾಜ್ಯದಲ್ಲಿ ಓಡಿದ ಮೈಲಿಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವುದು ಮೊದಲನೆಯದು. ಇಂಧನ ತೆರಿಗೆಯನ್ನು ಅದೇ ರೀತಿ ಹಂಚುವುದು ಎರಡನೆಯದು. ೧೯೮೩ರಲ್ಲಿ ಅರಿಜೋನ, ಅಯೋವ, ವಾಷಿಂಗ್ಟನ್ ರಾಜ್ಯಗಳಿಂದ ಮೊದಲಾದ ಈ ಒಪ್ಪಂದದಲ್ಲಿ ಈಗ ೪೮ ರಾಜ್ಯಗಳೂ ಕೆನಡದ ೧೦ ಪ್ರಾಂತಗಳೂ ಸೇರಿವೆ. ಮೂರನೆಯದು ೨೦೦೫ರ ಶಾಸನದಿಂದ ಬಂದ ಏಕೀಕೃತ ಸಾಗಣೆದಾರ ನೋಂದಣಿ. ಇದರಲ್ಲಿ ವಾಹನಗಳ ಸಂಖ್ಯೆಯನ್ನು ಅನುಸರಿಸಿದ ಆರು ದರ್ಜೆಗಳಲ್ಲಿ ವರ್ಷಕ್ಕೊಮ್ಮೆ ಶುಲ್ಕ ಸಲ್ಲಿಸಿದರೆ ಸಾಕು. ಈ ಮೂರರಲ್ಲಿಯೂ ಸಾಗಣೆದಾರನು ಮುಖ್ಯವಾಗಿ ವ್ಯವಹರಿಸಬೇಕಾದುದು ತನ್ನ ನೆಲೆಯ ರಾಜ್ಯದೊಡನೆ.

೩. ರಾಜ್ಯದ ಸಂಖ್ಯೆ ಉಳಿದಿರುವುದೇಕೆ?

ಇಷ್ಟಾದ ಮೇಲೂ ರಾಜ್ಯಗಳ ಪ್ರತ್ಯೇಕ ಸಂಖ್ಯೆಗಳು ಮುಖ್ಯವಾಗಿ ಎರಡು ಕ್ಷೇತ್ರಗಳಲ್ಲಿ ಉಳಿದಿವೆ.

ಮೊದಲನೆಯದು ದೂರದ ತೆರಿಗೆ. ಭಾರವಾದ ಲಾರಿಯು ರಸ್ತೆಯನ್ನು ಹೆಚ್ಚಾಗಿ ಸವೆಸುತ್ತದೆ. ಇಂಧನ ತೆರಿಗೆಯೊಂದರಿಂದಲೇ ಆ ಸವೆತದ ವೆಚ್ಚ ಹುಟ್ಟುವುದಿಲ್ಲ ಎಂಬುದು ಇದರ ತರ್ಕ. ಆರೆಗಾನ್, ನ್ಯೂ ಮೆಕ್ಸಿಕೊ, ಕೆಂಟಕಿ, ನ್ಯೂಯಾರ್ಕ್ ರಾಜ್ಯಗಳು ಇಂತಹ ತೆರಿಗೆಯನ್ನು ವಸೂಲು ಮಾಡುತ್ತವೆ. ೨೦೨೩ರ ಜನವರಿಯಿಂದ ಕನೆಕ್ಟಿಕಟ್ ಕೂಡ ಇವುಗಳ ಸಾಲಿಗೆ ಸೇರಿತು. ಮೈಲಿಗಳ ಲೆಕ್ಕವನ್ನು ಸಾಗಣೆದಾರನೇ ಒಪ್ಪಿಸಬೇಕಾದುದರಿಂದ ಆ ಲೆಕ್ಕಕ್ಕೆ ಒಂದು ಖಾತೆ ಬೇಕು; ರಾಜ್ಯದ ಸಂಖ್ಯೆಯೆಂದರೆ ಆ ಖಾತೆಯೇ.

ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ೮೦,೦೦೦ ಪೌಂಡು ತೂಕಕ್ಕೆ ನೋಂದಾಯಿತವಾದ ಲಾರಿಯೊಂದು ಕೆಂಟಕಿಯ ಲೂಯಿವಿಲ್ ನಗರದಿಂದ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿಗೆ ಹೊರಟಿತೆನ್ನೋಣ. ಒಕ್ಕೂಟದ ಸಂಖ್ಯೆ, ಮೇಲೆ ಹೇಳಿದ ಮೂರು ಒಪ್ಪಂದಗಳ ದಾಖಲೆಗಳು ಇವು ಹೇಗೂ ಬೇಕು. ಕೆಂಟಕಿಯಲ್ಲಿ ೫೯,೯೯೯ ಪೌಂಡಿಗೆ ಮೀರಿದ ಲಾರಿಗೆ ಕೆ.ವೈ.ಯು. ಎಂಬ ಸಂಖ್ಯೆಯಿರಬೇಕು, ತೆರಿಗೆ ಮೈಲಿಗೆ ೨.೮೫ ಸೆಂಟು, ಎಂದರೆ ನೂರು ಮೈಲಿಗೆ ಸುಮಾರು ಮೂರು ಡಾಲರು. ಒಹಾಯೊ ಮತ್ತು ಪೆನ್ಸಿಲ್ವೇನಿಯಗಳಲ್ಲಿ ಇಂತಹ ತೆರಿಗೆಯಿಲ್ಲ. ಮುಂದೆ ೮೪ನೆಯ ಹೆದ್ದಾರಿಯು ನ್ಯೂಯಾರ್ಕಿನ ಒಂದು ಮೂಲೆಯನ್ನು ಹಾಯುತ್ತದೆ. ಅಲ್ಲಿ ೧೮,೦೦೦ ಪೌಂಡಿಗೆ ಮೀರಿದ ಲಾರಿಗಳು ಸಾಮಾನ್ಯವಾಗಿ ಹೆದ್ದಾರಿ ಬಳಕೆ ತೆರಿಗೆಗೆ ಒಳಪಡುತ್ತವೆ. ದಾರಿ ಚಿಕ್ಕದಾದರೂ ನೋಂದಣಿ ತಪ್ಪದು. ಕನೆಕ್ಟಿಕಟ್ಟನ್ನು ಪ್ರವೇಶಿಸಿದರೆ ಅಲ್ಲಿಯ ರಹದಾರಿ ಬೇಕು. ದರವು ತೂಕವನ್ನು ಅನುಸರಿಸಿ ಮೈಲಿಗೆ ೨.೫ ಸೆಂಟಿನಿಂದ ೧೭.೫ ಸೆಂಟಿನವರೆಗೆ. ಹೀಗೆ ಐದು ರಾಜ್ಯಗಳ ಒಂದು ಪ್ರಯಾಣದಲ್ಲಿ ಮೂರು ಬೇರೆ ಬೇರೆ ಖಾತೆಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ನೂರಾರು ಲಾರಿಗಳುಳ್ಳ ಸಂಸ್ಥೆಗೆ ಇದು ಒಬ್ಬ ಗುಮಾಸ್ತನ ಕೆಲಸ. ತಾನೇ ಮಾಲೀಕನೂ ಚಾಲಕನೂ ಆದವನಿಗೆ ರಾತ್ರಿಯ ನಿದ್ರೆಯಲ್ಲಿ ಒಂದು ಪಾಲು.

ಎರಡನೆಯ ಕ್ಷೇತ್ರ ರಾಜ್ಯದೊಳಗೇ ನಡೆಯುವ ಸಾಗಣೆ. ಗಡಿ ದಾಟದ ಲಾರಿಗೆ ಒಕ್ಕೂಟದ ನಿಯಮವು ಸಾಮಾನ್ಯವಾಗಿ ತಾನಾಗಿಯೇ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಹೆದ್ದಾರಿ ಗಸ್ತುದಳವು ಸಾಗಣೆದಾರನಿಗೆ 'ಸಿ.ಎ. ಸಂಖ್ಯೆ'ಯನ್ನು ಕೊಡುತ್ತದೆ, ಮೋಟಾರು ವಾಹನ ಇಲಾಖೆಯು ಸಾಗಣೆಯ ರಹದಾರಿಯನ್ನು ಬೇರೆಯಾಗಿ ನೀಡುತ್ತದೆ. ಇತರ ಅನೇಕ ರಾಜ್ಯಗಳು ಹೊಸ ಸಂಖ್ಯೆಯನ್ನು ಸೃಷ್ಟಿಸದೆ ಒಕ್ಕೂಟದ ಸಂಖ್ಯೆಯನ್ನೇ ಒಳನಾಡಿನ ಲಾರಿಗಳಿಗೂ ಕಡ್ಡಾಯಗೊಳಿಸಿವೆ. ಟೆಕ್ಸಾಸಿನಂತಹ ರಾಜ್ಯದಲ್ಲಿ ಅಂತಹ ಸಂಖ್ಯೆಯ ಕೊನೆಗೆ ರಾಜ್ಯದ ಎರಡು ಅಕ್ಷರಗಳನ್ನು ಸೇರಿಸಲಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಹೆಚ್ಚು ವಿವೇಕದ ಮಾರ್ಗ: ಖಾತೆ ಒಂದೇ, ಅಧಿಕಾರದ ವ್ಯಾಪ್ತಿ ಮಾತ್ರ ಬೇರೆ.

೪. ಶುಲ್ಕದ ಎಲ್ಲೆ

ಸಂಖ್ಯೆಯನ್ನು ಕೇಳುವುದು ಬೇರೆ, ಅದರ ನೆಪದಲ್ಲಿ ಹಣ ಎತ್ತುವುದು ಬೇರೆ. ಪೆನ್ಸಿಲ್ವೇನಿಯವು ಮೊದಲು ಪ್ರತಿ ಲಾರಿಯ ಗುರುತುಚೀಟಿಗೆ ೨೫ ಡಾಲರನ್ನೂ, ಆಮೇಲೆ ಪ್ರತಿ ಅಚ್ಚಿಗೆ ೩೬ ಡಾಲರನ್ನೂ ವರ್ಷಕ್ಕೆ ವಿಧಿಸಿತ್ತು. ಓಡಿದ ಮೈಲಿ ಎಷ್ಟಾದರೂ ಮೊತ್ತ ಒಂದೇ ಆದುದರಿಂದ, ಆಗಾಗ ಹಾದುಹೋಗುವ ಹೊರರಾಜ್ಯದ ಲಾರಿಯ ಮೇಲೆ ಮೈಲಿವಾರು ಹೊರೆ ಬಹಳ ಹೆಚ್ಚಾಗಿ ಬೀಳುತ್ತಿತ್ತು. ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರು ನಾಲ್ವರ ಬಹುಮತದಿಂದ ಇವು ಸಂವಿಧಾನಬಾಹಿರವೆಂದು ಸಾರಿತು. ಇದಕ್ಕೆ ಪ್ರತಿಯಾಗಿ ೨೦೦೫ರಲ್ಲಿ ಮಿಷಿಗನ್ ರಾಜ್ಯದ ೧೦೦ ಡಾಲರಿನ ವಾರ್ಷಿಕ ಶುಲ್ಕವನ್ನು ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ಏಕೆಂದರೆ ಅದು ರಾಜ್ಯದೊಳಗೆ ಸರಕು ಎತ್ತಿ ಒಳಗೇ ಇಳಿಸುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ಎರಡು ತೀರ್ಪುಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ ತತ್ತ್ವವು ಗೋಚರಿಸುತ್ತದೆ: ಒಳನಾಡಿನ ವ್ಯವಹಾರಕ್ಕೆ ರಾಜ್ಯವು ಸಮಾನವಾಗಿ ಶುಲ್ಕ ಕೇಳಬಹುದು, ಹಾದುಹೋಗುವವನಿಂದ ಬಾಗಿಲಿನ ಸುಂಕವನ್ನು ಕೇಳಲಾಗದು.

೫. ಸಂಖ್ಯೆಯ ದೌರ್ಬಲ್ಯ

ಸಂಖ್ಯೆಯಿಂದಲೇ ರಕ್ಷಣೆ ದೊರೆಯುವುದೆಂದು ಭಾವಿಸಬಾರದು. ೨೦೦೮ರ ಆಗಸ್ಟಿನಲ್ಲಿ ಟೆಕ್ಸಾಸಿನ ಷರ್ಮನ್ ಎಂಬಲ್ಲಿ ಬಸ್ಸೊಂದು ಸೇತುವೆಯಿಂದ ಉರುಳಿ ೧೭ ಮಂದಿ ಮೃತರಾದರು. ಅದರ ನಡೆಸುಗಾರನ ಹಿಂದಿನ ಸಂಸ್ಥೆಗೆ ಕೆಲವೇ ವಾರಗಳ ಕೆಳಗೆ ಸಂಚಾರ ನಿಲ್ಲಿಸುವಂತೆ ಆಜ್ಞೆಯಾಗಿತ್ತು. ಅವನು ಬೇರೆ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಿಕೊಂಡಿದ್ದನು. ಇದು ಪ್ರಯಾಣಿಕರ ವಾಹನದ ಸಂಗತಿಯಾದರೂ ಲಾರಿಗಳಿಗೂ ಸಲ್ಲುತ್ತದೆ. ಹೆಸರು ಬದಲಿಸಿ ಹಳೆಯ ಖಾತೆಯಿಂದ ತಪ್ಪಿಸಿಕೊಳ್ಳುವ ಇಂಥವರನ್ನು ಅಲ್ಲಿ ಗೋಸುಂಬೆಗಳೆಂದು ಕರೆಯುತ್ತಾರೆ. ಅಡ್ಡದಾರಿಯನ್ನು ಮುಚ್ಚಲು ಸಾಗಣೆದಾರನ ಸಂಖ್ಯೆಯನ್ನು ರಾಜ್ಯದ ವಾಹನ ನೋಂದಣಿಯೊಡನೆ ಜೋಡಿಸುವುದು ಅವಶ್ಯಕ. ಆಗ ನಿಷೇಧಿತನಾದವನಿಗೆ ರಾಜ್ಯವು ನೋಂದಣಿ ಫಲಕವನ್ನೇ ನಿರಾಕರಿಸಬಹುದು. ಒಕ್ಕೂಟ ಮತ್ತು ರಾಜ್ಯಗಳ ನಡುವೆ ಇಂತಹ ಜೋಡಣೆ ಈಗ ನಡೆದಿದೆ.

ಭಾರತದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಎದ್ದುಕಾಣುವುದು. ನಮ್ಮ ಲಾರಿಯ ಮೇಲೆ ದೊಡ್ಡದಾಗಿ ಕಾಣುವ ಸಂಖ್ಯೆ ವಾಹನದ್ದು. ಅಲ್ಲಿ ಬಾಗಿಲಿನ ಮೇಲಿರುವುದು ಹೊಣೆಗಾರನದು. ವಾಹನ ಮಾರಾಟವಾಗಬಹುದು, ಚಾಲಕ ಬದಲಾಗಬಹುದು. ಹೊಣೆ ಯಾರದೆಂಬುದು ದಾಖಲೆಯಲ್ಲಿ ನಿಲ್ಲಬೇಕು. ರಾಜ್ಯವೊಂದು ಹೊಸ ಸಂಖ್ಯೆಯನ್ನು ಕೇಳಿದಾಗ ನಾವು ಪರೀಕ್ಷಿಸಬೇಕಾದುದು ಇಷ್ಟೆ: ಇರುವ ಸಂಖ್ಯೆಯು ಉತ್ತರಿಸದ ಯಾವ ಪ್ರಶ್ನೆಗೆ ಇದು ಉತ್ತರ ಕೊಡುತ್ತದೆ? ಓಡಿದ ಮೈಲಿಯ ಲೆಕ್ಕವೋ ಒಳನಾಡಿನ ಲಾರಿಯ ಸುರಕ್ಷತೆಯೋ ಆದರೆ ಬೇಡಿಕೆ ನ್ಯಾಯವಾದುದು. ಉತ್ತರವಿಲ್ಲದಿದ್ದರೆ ಅದು ಹಳೆಯ ಬಿಂಗೊ ಚೀಟಿಯ ಮತ್ತೊಂದು ಚೌಕ ಮಾತ್ರ.