ಹಸಿರು ಪಟ್ಟೆಯಂಗಿಯಿಂದ ರಾಕ್ ಲೋಕಕ್ಕೆ

ಅಮೆರಿಕದ ಹಾಸ್ಯ ಧಾರಾವಾಹಿ ‘ಯಂಗ್ ಶೆಲ್ಡನ್’ ನೋಡಿದವರಿಗೆಲ್ಲ ಅದರ ಶೀರ್ಷಿಕೆ ಗೀತೆ ಪರಿಚಿತ. ಗಿಟಾರಿನ ಒರಟು ನಾದದ ಮೇಲೆ ಉಕ್ಕಿಬರುವ ಹುಮ್ಮಸ್ಸಿನ ಕಂಠವದು. 2017ರಿಂದ 2024ರವರೆಗೆ ಮೊಳಗಿದ ಆ ‘ಮೈಟಿ ಲಿಟಲ್ ಮ್ಯಾನ್’ ಹಾಡಿನ ಕರ್ತೃ ಸ್ಟೀವ್ ಬರ್ನ್ಸ್. ಒಂದು ಕಾಲದಲ್ಲಿ ನೀಲಿ ನಾಯಿಯ ಹೆಜ್ಜೆಗುರುತು ಅರಸುತ್ತ ಪುಟಾಣಿಗಳ ಮನಗೆದ್ದಿದ್ದ ಹಸಿರು ಪಟ್ಟೆಯಂಗಿಯ ನಿರೂಪಕ!

ಪೆನ್ಸಿಲ್ವೇನಿಯಾದ ಬಾಯರ್‌ಟೌನ್‌ನಲ್ಲಿ ಜನಿಸಿದ ಬರ್ನ್ಸ್, 1996ರ ಸೆಪ್ಟೆಂಬರ್ 8ರಂದು ನಿಕಲೋಡಿಯನ್ ವಾಹಿನಿಯಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಮೂಲಕ ಮನೆಮಾತಾದರು. ಮೂರು ಸುಳಿವು, ಒಂದು ಒಗಟು, ಯೋಚಿಸಲೊಂದು ಕೆಂಪು ಕುರ್ಚಿ; ಕಾರ್ಯಕ್ರಮದ ಚೌಕಟ್ಟು ಇಷ್ಟು ಸರಳ. ಆದರೆ ಅದರ ಹಿಂದೆ ಗಾಢ ಸಂಶೋಧನೆಯಿತ್ತು. ಪುನರಾವರ್ತನೆಯಿಂದಲೇ ಮಕ್ಕಳು ಕಲಿಯುತ್ತಾರೆಂದು ಅರಿತ ತಂಡ ಒಂದೇ ಸಂಚಿಕೆಯನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ ಪ್ರಸಾರ ಮಾಡುತ್ತಿತ್ತು. ಸ್ಟೀವ್ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಮನೆಯಲ್ಲಿ ಕುಳಿತ ಮಗು ಉತ್ತರ ಕೂಗಲು ಆ ಮೌನವೇ ಅವಕಾಶ. ಚಿತ್ರೀಕರಣದಲ್ಲಿ ಅವರ ಸುತ್ತ ಇದ್ದದ್ದು ಬರಿಯ ಪರದೆ. ನಾಯಿ, ಮನೆ, ತೋಟವೆಲ್ಲ ಆಮೇಲೆ ಅನಿಮೇಷನ್ನಿನಲ್ಲಿ ಮೂಡಿದವು. ಶೂನ್ಯವನ್ನು ಆಪ್ತಮಿತ್ರನೆಂಬಂತೆ ಮಾತಾಡಿಸಿದ ಆ ಅಭಿನಯ ಅಸಾಧಾರಣವಾದುದು.

ಖ್ಯಾತಿಯ ಶಿಖರದಲ್ಲಿದ್ದಾಗಲೇ ಅವರು ನಿರ್ಗಮಿಸಿದರು. 2002ರಲ್ಲಿ ಪ್ರಸಾರವಾದ ಬೀಳ್ಕೊಡುಗೆಯ ಕಥೆಯಲ್ಲಿ ಸ್ಟೀವ್ ಕಾಲೇಜಿಗೆ ಹೊರಡುತ್ತಾನೆ. ಉದುರುತ್ತಿದ್ದ ತಲೆಗೂದಲೂ ಒಂದು ಕಾರಣವೆಂದು ಬರ್ನ್ಸ್ ಹೇಳಿದ್ದುಂಟು. ಆ ಪ್ರಸನ್ನ ಮುಖದ ಹಿಂದೆ ಖಿನ್ನತೆಯೂ ಇತ್ತೆಂಬುದನ್ನು ವರ್ಷಗಳ ಬಳಿಕ ಧೈರ್ಯವಾಗಿ ತೆರೆದಿಟ್ಟರು.

ಅವರ ಸಂಗೀತಯಾನಕ್ಕೆ ದಿಕ್ಕು ತೋರಿದ್ದು ಒಕ್ಲಹೋಮಾದ ‘ದ ಫ್ಲೇಮಿಂಗ್ ಲಿಪ್ಸ್’ ತಂಡ, ವಿಶೇಷವಾಗಿ ಆ ತಂಡದ 1999ರ ‘ದ ಸಾಫ್ಟ್ ಬುಲೆಟಿನ್’ ಆಲ್ಬಂ. ಆ ಮಹಾಕೃತಿಯ ನಿರ್ಮಾಪಕ ಡೇವ್ ಫ್ರಿಡ್‌ಮನ್ ಮತ್ತು ತಂಡದ ಬಹುವಾದ್ಯ ಪ್ರವೀಣ ಸ್ಟೀವನ್ ಡ್ರೋಜ್ಡ್ ಇಬ್ಬರೂ ಬರ್ನ್ಸ್‌ಗೆ ಜೊತೆಯಾದರು. 2003ರಲ್ಲಿ ಹೊರಬಂದ ‘ಸಾಂಗ್ಸ್ ಫಾರ್ ಡಸ್ಟ್‌ಮೈಟ್ಸ್’ (ಧೂಳುಹುಳುಗಳಿಗಾಗಿ ಹಾಡುಗಳು) ಆಲ್ಬಂ ಅದರ ಫಲ. ಜನಪ್ರಿಯತೆಯನ್ನು ನಗದಾಗಿಸಿಕೊಳ್ಳುವ ಶಿಶುಗೀತೆಗಳ ಸುಲಭದ ದಾರಿ ಅವರ ಮುಂದಿತ್ತು. ಅವರು ಆರಿಸಿಕೊಂಡದ್ದು ವಯಸ್ಕರ ಏಕಾಂತಕ್ಕೆ ಸಲ್ಲುವ ಸಂಗೀತವನ್ನು. ಹಾಗೆಂದು ಹಿಂದಿನದನ್ನು ನಿರಾಕರಿಸಲೂ ಇಲ್ಲ. ಕಣ್ಣಿಗೆ ಕಾಣದ ಧೂಳುಹುಳುಗಳಿಗೆ ಆಲ್ಬಂ ಅರ್ಪಿಸುವ, ವಾಯುಮಂಡಲದ ಕೆಳಪದರದ ಹೆಸರನ್ನು ಹಾಡಿಗಿಡುವ ಕುತೂಹಲ ಮಗುವಿನದಲ್ಲದೆ ಇನ್ನಾರದು?

2009ರಲ್ಲಿ ಎರಡನೆಯ ಆಲ್ಬಂ ಬಂತು. 2017ರಲ್ಲಿ ಡ್ರೋಜ್ಡ್ ಜೊತೆ ‘ಫಾರೆವರಿವೇರ್’ ಆಲ್ಬಂ ರಚಿಸಿ, ಈ ಬಾರಿ ರಾಕ್ ಸಂಗೀತದ ಸಕಲ ವೈಭವದೊಡನೆ ಮಕ್ಕಳ ಬಳಿಗೇ ಮರಳಿದರು. 2021ರಲ್ಲಿ ‘ಬ್ಲೂಸ್ ಕ್ಲೂಸ್’ನ ರಜತ ವರ್ಷಕ್ಕೆ ಮತ್ತೆ ಪಟ್ಟೆಯಂಗಿ ತೊಟ್ಟು ಅವರು ನೀಡಿದ ಪುಟ್ಟ ವಿಡಿಯೊ ಸಂದೇಶ, ಬೆಳೆದು ದೊಡ್ಡವರಾಗಿದ್ದ ಹಳೆಯ ವೀಕ್ಷಕರ ಕಣ್ಣು ತೇವಗೊಳಿಸಿತು. ಅದೇ ತಲೆಮಾರನ್ನು ಉದ್ದೇಶಿಸಿ 2025ರಲ್ಲಿ ಅವರು ‘ಅಲೈವ್’ ಎಂಬ ಪಾಡ್‌ಕಾಸ್ಟ್ ಆರಂಭಿಸಿದ್ದಾರೆ.